ಎಡಗೈಗೆ ಬಿದ್ದ ಬಿಸಿಲು

ಅವರ ಬಲಗೈ ಕಪ್ಪು, ಎಡಗೈ ಬಿಳುಪು. ರವಿಕೆಯ ತೋಳು ಮುಗಿದಲ್ಲಿಂದ ಬೆರಳ ತುದಿಯವರೆಗೆ ಬಲಗೈ ಹುರಿದ ರಾಗಿಯ ಬಣ್ಣ. ಎಡಗೈ ಮಾತ್ರ ನೆರಳಲ್ಲೇ ಬೆಳೆದ ದಂಟಿನ ಹಾಗೆ. ಮದುವೆಯಾಗಿ ಒಂಟಿಕೊಪ್ಪಲಿಗೆ ಬಂದ ಹೊಸದರಲ್ಲಿ ಇದೇನೋ ಚರ್ಮದ ಕಾಯಿಲೆ ಇರಬೇಕು ಅಂದುಕೊಂಡಿದ್ದೆ. ಅವರು ಕಾರು ಓಡಿಸುವುದನ್ನು ನೋಡಿದ ಮೇಲೆ ಗೊತ್ತಾಯಿತು. ಬಲಗೈ ಕಿಟಕಿಯ ಹೊರಗೆ ಬಿಸಿಲಿನಲ್ಲಿ, ಎಡಗೈ ಗೇರಿನ ಮೇಲೆ ನೆರಳಿನಲ್ಲಿ. ಅರ್ಧ ಆಯುಷ್ಯ ಹಾಗೇ ಕಳೆದಿತ್ತು.

ಅವರು ನಮ್ಮ ಎದುರುಮನೆ ಅಮ್ಮ. ಬೀದಿಯವರು ಬೆನ್ನ ಹಿಂದೆ ಕಾರಮ್ಮ ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮನೆಯ ಪಕ್ಕದ ಶೆಡ್ಡಿನಲ್ಲಿ ಎರಡು ಹಳೇ ಕಾರುಗಳಿದ್ದವು. ಒಂದು ಅವರದು, ಇಂಗ್ಲೆಂಡಿನಲ್ಲಿ ಮಾಡಿದ್ದು. ಹಸಿರು ಬಣ್ಣ, ಮಗುಚಿಟ್ಟ ಬೋಗುಣಿಯ ಹಾಗೆ ದುಂಡಗೆ. ಇನ್ನೊಂದು ಯಜಮಾನರದು, ಅಮೆರಿಕದ್ದು. ಕಾಫಿ ತೋಟದ ಕೆಲಸಕ್ಕೆ ಬಂದಿದ್ದ ಯಾವನೋ ಅಮೆರಿಕನ್ನನು ವಾಪಸ್ಸು ಹೋಗುವಾಗ ಬಿಟ್ಟುಹೋದದ್ದನ್ನು ಅವರು ಕೊಂಡಿದ್ದರಂತೆ. ಸ್ಟಿಯರಿಂಗು ಎಡಗಡೆ. ನಮ್ಮ ನಡುಮನೆ, ಅಡುಗೆಮನೆ ಸೇರಿಸಿದಷ್ಟು ಉದ್ದ. ಹಿಂದೆ ಮೀನಿನ ರೆಕ್ಕೆಯಂತೆ ಎದ್ದು ನಿಂತ ಎರಡು ತಗಡು, ಮುಂದೆ ಹಲ್ಲು ಕಿರಿದ ಹಾಗೆ ಬೆಳ್ಳಗೆ ಹೊಳೆಯುವ ಕಂಬಿಗಳು. ಅದರ ಮೇಲೆ ಯಾವಾಗಲೂ ಟಾರ್ಪಾಲು ಹೊದೆಸಿರುತ್ತಿತ್ತು.

ಉದ್ದನೆಯ ಕಾರನ್ನು ಕಂಡರೆ ಅಮ್ಮನಿಗೆ ಅಷ್ಟಕ್ಕಷ್ಟೆ. ಅದು ಕಾರಲ್ಲ, ತೇಲುವ ಮಂಚ ಅನ್ನುತ್ತಿದ್ದರು. ಅಮೆರಿಕದಲ್ಲಿ ಊರೂರಿಗೂ ದೂರ, ರಸ್ತೆ ನೇರ, ಪೆಟ್ರೋಲು ಅಗ್ಗ. ಅದಕ್ಕೇ ಅವರು ಸೋಫಾಕ್ಕೆ ಚಕ್ರ ಕಟ್ಟಿ ದೊಡ್ಡ ಇಂಜಿನ್ನು ಇಟ್ಟರು. ಯೂರೋಪಿನವರಿಗೆ ಇರುವುದು ನಮ್ಮಂಥ ಓಣಿಗಳು, ಬೆಟ್ಟದ ತಿರುವುಗಳು, ದುಬಾರಿ ಪೆಟ್ರೋಲು. ಹಾಗಾಗಿ ಅವರ ಕಾರು ಚಿಕ್ಕದು, ಸೀಟು ಗಟ್ಟಿ, ಗೇರು ಕೈಯಳತೆಯಲ್ಲಿ. ಇದನ್ನೆಲ್ಲ ನಾನು ಹೂ ಕಟ್ಟುತ್ತಾ ಕೂತಾಗ ಅವರು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ, ಅರ್ಥವಾದದ್ದು ಕಮ್ಮಿ. ಒಂದು ಸಲ ನನಗಾಗಿಯೇ ಸುಲಭ ಮಾಡಿ ಹೇಳಿದರು:

“ಚಾಪೆ ಮೇಲೆ ಮಲಗಿದ್ರೆ ಕೆಳಗಡೆ ಕಲ್ಲಿದ್ರೆ ಗೊತ್ತಾಗುತ್ತೋ ಇಲ್ವೋ? ನನ್ನ ಕಾರು ಚಾಪೆ. ಅದು ಹಾಸಿಗೆ. ಇದು ರಸ್ತೇನ ಹೇಳುತ್ತೆ, ಅದು ರಸ್ತೇನ ಮುಚ್ಚಿಡುತ್ತೆ. ಮುಚ್ಚಿಡೋರ ಸಹವಾಸ ನಂಗಾಗಲ್ಲ ಕಣಮ್ಮ.”

ಪ್ರತಿ ಭಾನುವಾರ ಬೆಳಿಗ್ಗೆ ಆ ಹಸಿರು ಕಾರಿನಲ್ಲಿ ಒಬ್ಬರೇ ಚಾಮುಂಡಿ ಬೆಟ್ಟ ಹತ್ತಿ ಬರುತ್ತಿದ್ದರು. ಗುಡಿಯೊಳಗೆ ಹೋಗುತ್ತಿರಲಿಲ್ಲ. ಅವರಿಗೆ ದೇವರು ದಿಂಡರು ಇರಲಿಲ್ಲ. ಅಲ್ಲಿಯವರೆಗೂ ಹೋಗಿ ತಾಯಿಯ ಮುಖ ನೋಡದೆ ಬರ್ತೀರಲ್ಲಮ್ಮ ಎಂದು ನಾನು ನೊಂದುಕೊಂಡರೆ, ನಾನು ಹೋಗೋದು ತಿರುವಿಗೋಸ್ಕರ ಅನ್ನುತ್ತಿದ್ದರು. ಇಳಿಯುವಾಗ ಬ್ರೇಕು ಮುಟ್ಟದೆ ಗೇರಿನಲ್ಲೇ ಇಳಿಸಬೇಕು, ಆಗ ಒಂದೊಂದು ತಿರುವಿನಲ್ಲೂ ಕಾರು ಕೈಗೆ ಏನೋ ಹೇಳುತ್ತದೆ ಎಂದು ವಿವರಿಸುವಾಗ ಅವರ ಮುಖ ನೋಡಬೇಕಿತ್ತು. ಪೂಜೆ ಮುಗಿಸಿ ಎದ್ದವರ ಮುಖ ಹಾಗಿರುತ್ತದೆ.

ನಮ್ಮವರು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿದ್ದಾರೆ. ಪಾಳಿಯುದ್ದಕ್ಕೂ ನಿಂತೇ ಮಾಡುವ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ರಜೆಯ ದಿನ ತಾರಸಿಯ ನೀರಿನ ಟ್ಯಾಂಕು ತೊಳೆಯಲು ಏಣಿ ಹತ್ತಿದವರು ಜಾರಿ ಬಿದ್ದರು. ತಲೆಗೆ ಏನೂ ಆಗಲಿಲ್ಲ. ಅಷ್ಟರಮಟ್ಟಿಗೆ ಶಿವ ಕೈಬಿಡಲಿಲ್ಲ. ಆದರೆ ತೊಡೆಯ ಮೂಳೆ ಮುರಿದು ಮಂಡಿಯೂ ಕೆಟ್ಟಿತು. ಆಪರೇಷನ್ ಆಗಿ ಮನೆಗೆ ಬಂದಾಗ ಕಾಲು ಮಡಚುವಂತಿರಲಿಲ್ಲ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರೆತಂದು ವ್ಯಾಯಾಮ ಮಾಡಿಸಲೇಬೇಕು, ತಪ್ಪಿಸಿದರೆ ಮಂಡಿ ಬಿಗಿದುಕೊಂಡುಬಿಡುತ್ತದೆ, ಆಮೇಲೆ ನಿಲ್ಲುವ ಮಾತೇ ಇಲ್ಲ ಅಂದರು ಡಾಕ್ಟರು. ನಿಲ್ಲದಿದ್ದರೆ ನಮ್ಮವರಿಗೆ ಕೆಲಸವೂ ಇಲ್ಲ.

ಆಟೋದಲ್ಲಿ ಆ ಕಾಲು ಹಿಡಿಸಲಿಲ್ಲ. ಎದುರುಮನೆ ಅಮ್ಮ ತಾವಾಗಿಯೇ ಹಸಿರು ಕಾರು ತಂದು ನಿಲ್ಲಿಸಿದರು. ಅದರ ಬಾಗಿಲು ಇನ್ನೂ ಚಿಕ್ಕದು. ನಾಲ್ಕು ಜನ ಸೇರಿ ಹಿಂದೆ ಮುಂದೆ ತಳ್ಳಿ ಒಳಗೆ ಸೇರಿಸಲು ನೋಡಿದರು. ನಮ್ಮವರು ನೋವಿಗೆ ಕೂಗಿಕೊಂಡರು. ಆ ಎಳೆದಾಟದಲ್ಲಿ ಉಟ್ಟ ಪಂಚೆ ಬಿಚ್ಚಿಹೋಯಿತು. ಬೀದಿಯ ಹೆಂಗಸರೆಲ್ಲ ನಿಂತಿದ್ದರು. ಅವರು ಮುಖ ತಿರುಗಿಸಿಕೊಂಡರಲ್ಲ, ಅದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ನಾನು ಸೆರಗು ಕಿತ್ತು ನಮ್ಮವರ ಮೇಲೆ ಹೊದೆಸಿ ಮನೆಯೊಳಗೆ ಕರೆದುಕೊಂಡು ಬಂದೆ. ಇನ್ನು ಯಾರ ಮುಂದೆಯೂ ಇವರನ್ನು ಹೀಗೆ ತರುವುದಿಲ್ಲ, ಕಾಲು ಹೋದರೆ ಹೋಗಲಿ ಅಂದುಕೊಂಡೆ.

ಮಾರನೆಯ ದಿನ ಎದುರುಮನೆಯ ಟಾರ್ಪಾಲು ಇಳಿಯಿತು. ಗ್ಯಾರೇಜಿನವರು ಬಂದು ಟೈರು, ಬ್ರೇಕು ಎಲ್ಲ ಸರಿಮಾಡಿದರು. ವಾರದೊಳಗೆ ಆ ಉದ್ದನೆಯ ಕಾರು ಗುಡುಗುಟ್ಟುತ್ತಾ ನಮ್ಮ ಬಾಗಿಲಿಗೆ ಬಂತು. ಹಿಂದಿನ ಸೀಟು ನಮ್ಮ ದಿವಾನಕ್ಕಿಂತ ಅಗಲ. ನಮ್ಮವರು ಬೆನ್ನಿಗೆ ದಿಂಬು ಕೊಟ್ಟುಕೊಂಡು ಕಾಲು ನೀಡಿ ಒರಗಿದರು. ಮೂಲೆಯ ರೋಡ್ ಹಂಪು ಬಂದಾಗ ನಾನು ಉಸಿರು ಬಿಗಿಹಿಡಿದೆ. ಕಾರು ಮೆಲ್ಲಗೆ ಎದ್ದು ಮೆಲ್ಲಗೆ ಕೂತಿತು. ಹಿಂದಿನಿಂದ ಒಂದು ಸದ್ದೂ ಬರಲಿಲ್ಲ. ರಸ್ತೆ ಮುಚ್ಚಿಡುವ ಕಾರನ್ನು ನೀವು ಬೈಯುತ್ತಿದ್ದಿರಲ್ಲ ಎಂದು ಕೇಳಿದೆ. ಅಮ್ಮ ಮುಂದೆ ನೋಡಿಕೊಂಡೇ ಹೇಳಿದರು:

“ನೋವಿದ್ದೋರಿಗೆ ರಸ್ತೆ ಗೊತ್ತಾಗಬಾರದು ಕಣಮ್ಮ.”

ಆದರೆ ಸ್ಟಿಯರಿಂಗು ಎಡಗಡೆ ಇದ್ದದ್ದರಿಂದ ಮುಂದಿನ ಬಸ್ಸನ್ನು ದಾಟಬೇಕಾದರೆ ಅವರಿಗೆ ಎದುರಿಗೆ ಬರುವ ವಾಹನ ಕಾಣುತ್ತಿರಲಿಲ್ಲ. ಕಾಣುವುದು ಬಲಗಡೆ ಕೂತವರಿಗೆ, ಅಂದರೆ ನನಗೆ. ರಸ್ತೆ ಖಾಲಿ ಇದ್ದರೆ ಕೈ ಹೊರಗೆ ಚಾಚು, ಇಲ್ಲದಿದ್ದರೆ ಒಳಗೇ ಇಟ್ಟುಕೋ ಎಂದು ಹೇಳಿಕೊಟ್ಟರು. ಮನೆ ಬಿಟ್ಟರೆ ಗುಡಿ, ಗುಡಿ ಬಿಟ್ಟರೆ ಮಠ ಎಂದು ಇದ್ದವಳು ನಾನು. ತಲೆ ಮೇಲೆ ಸೆರಗು, ಹಣೆಯಲ್ಲಿ ವಿಭೂತಿ, ಎಲ್ಲರೂ ಡ್ರೈವರು ಕೂರುತ್ತಾರೆಂದುಕೊಳ್ಳುವ ಜಾಗದಲ್ಲಿ ಕೂತು, ಮುಂದೆ ಸ್ಟಿಯರಿಂಗೇ ಇಲ್ಲದೆ, ಕಿಟಕಿಯಿಂದ ಕೈ ಆಡಿಸುತ್ತಾ ಹೋಗಬೇಕಾಯಿತು. ಹುಡುಗರು ಮೊಬೈಲಿನಲ್ಲಿ ಫೋಟೋ ಹಿಡಿದರು. ಪಕ್ಕದ ಮನೆಯಾಕೆ ಗೇಟಿನಲ್ಲಿ ನಿಂತು, “ಏನ್ರೀ, ಜಂಬೂಸವಾರಿ ಹೊರಡ್ತಾ? ಅಂಬಾರೀಲಿ ಯಾರು?” ಅಂದಳು. ಹಿಂದೆ ಮಲಗಿದ್ದ ನಮ್ಮವರಿಗೂ ಅದು ಕೇಳಿಸಿತು. ಅವರು ಮುಖದ ಮೇಲೆ ಟವೆಲು ಎಳೆದುಕೊಂಡರು.

ಒಂದು ದಿನ ಸಿಗ್ನಲ್ಲಿನಲ್ಲಿ ಪೊಲೀಸಿನವನು ನೇರ ನನ್ನ ಕಿಟಕಿಗೆ ಬಂದು ಲೈಸೆನ್ಸ್ ತೆಗೀರಿ ಮೇಡಂ ಅಂದ.

“ನಂಗೆ ಕಾರ್ ಓಡ್ಸಕ್ಕೆ ಬರಲ್ಲ ಸಾರ್.”

“ಮತ್ತೆ ಇಷ್ಟೊತ್ತು ಓಡ್ಸಿದ್ದು ಯಾರು, ದೇವ್ರಾ?”

“ದೇವರು ಈ ಕಡೆ ಕೂತಿದ್ದಾಳೆ, ಸುತ್ತಿ ಬಾಪ್ಪ,” ಎಂದರು ಅಮ್ಮ ಎಡಗಡೆಯಿಂದ. ಅವನು ಬಗ್ಗಿ ನೋಡಿ, ಸ್ಟಿಯರಿಂಗು ಹಿಡಿದ ನರೆಗೂದಲಿನ ಮುದುಕಿಯನ್ನು ಕಂಡು, ನಗುತ್ತಾ ಕೈ ಮುಗಿದ. ನಮ್ಮವರು ಬಿದ್ದಮೇಲೆ ಮೊದಲ ಸಲ ನಕ್ಕದ್ದು ಅವತ್ತು. ಅದನ್ನೂ ನಾನು ದೇವರ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ನಮ್ಮ ರಸ್ತೆಯ ಮೂಲೆಯಲ್ಲಿ ಒಂದು ಪುಟ್ಟ ಈಶ್ವರನ ಗುಡಿ ಇದೆ. ಅದರ ಮುಂದೆ ಹಾದಾಗಲೆಲ್ಲ ಅತ್ತ ಕೈ ಚಾಚಿ, ಕಣ್ಣು ಮುಚ್ಚಿ, ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುವುದು ನನ್ನ ರೂಢಿ. ಬುದ್ಧಿಗೆ ತಿಳಿಯುವ ಮೊದಲೇ ಕೈಗೆ ತಿಳಿದಿರುತ್ತದೆ. ಒಂದು ಸೋಮವಾರ ಆಸ್ಪತ್ರೆಯಿಂದ ವಾಪಸ್ಸು ಬರುತ್ತಿದ್ದೆವು. ಮುಂದೆ ಸಿಟಿ ಬಸ್ಸು. ಬಲಗಡೆ ಗುಡಿ ಬಂತು. ನನ್ನ ಕೈ ಹೊರಗೆ ಚಾಚಿತು, ಕಣ್ಣು ಮುಚ್ಚಿತು. ಚಾಚಿದ ಕೈ ನೋಡಿ ರಸ್ತೆ ಖಾಲಿ ಎಂದುಕೊಂಡು ಅಮ್ಮ ಕಾರನ್ನು ಬಲಕ್ಕೆ ತೆಗೆದರು.

ಕಣ್ಣು ಬಿಟ್ಟಾಗ ಎದುರಿಗೆ ಲಾರಿ. ಅಮ್ಮ ಬ್ರೇಕು ಒತ್ತಿದರು. ಆ ಕಾರು ಹೇಳಿದಲ್ಲಿ ನಿಲ್ಲುವಂಥದ್ದಲ್ಲ, ಮೂಗು ತಗ್ಗಿಸಿ ದೋಣಿಯ ಹಾಗೆ ತೇಲುತ್ತಲೇ ಹೋಯಿತು. ಹೇಗೋ ಬಸ್ಸಿನ ಹಿಂದೆ ಎಡಕ್ಕೆ ಎಳೆದರು. ಕಾರಿನ ಎಡ ಮಗ್ಗುಲು ಪೂರ್ತಿ ಪಾದಚಾರಿ ರಸ್ತೆಯ ಕಲ್ಲುಕಂಬಕ್ಕೆ ಉಜ್ಜಿಕೊಂಡು ನಿಂತಿತು. ಹೊಳೆಯುವ ಪಟ್ಟಿಯೊಂದು ಕಿತ್ತು ನೆಲದ ಮೇಲೆ ಬಿತ್ತು. ಜನ ಸೇರಿದರು. ಬಸ್ಸಿನ ಕಂಡಕ್ಟರು ಇಳಿದುಬಂದು ನನ್ನನ್ನೇ ಬೈದ. ಅಮ್ಮ ಕಂಬದ ಕಡೆ ನೋಡಲೂ ಇಲ್ಲ. ಹಿಂದೆ ತಿರುಗಿ, ಮಂಡಿಗೆ ಏನಾದ್ರೂ ಆಯ್ತೇನಪ್ಪ ಎಂದು ನಮ್ಮವರನ್ನು ಕೇಳಿದರು. ಏನೂ ಆಗಿರಲಿಲ್ಲ. ನಾನು ಅಳುತ್ತಾ ಆದದ್ದನ್ನು ಹೇಳಿದೆ. ಇನ್ನು ಮೇಲೆ ಈ ಕಾರು ಹತ್ತುವುದಿಲ್ಲ ಎಂದೆ. ಅವರು ಕಿತ್ತುಬಿದ್ದ ಪಟ್ಟಿಯನ್ನು ನನ್ನ ಮಡಿಲಿಗೆ ಕೊಟ್ಟು, “ಹಿಡ್ಕೊ” ಎಂದರು. ಅಷ್ಟೇ.

ಮುಂದಿನ ಸಲ ಗುಡಿಯ ಹತ್ತಿರ ಬಂದಾಗ ಕಾರು ನಿಂತಿತು. ಇಂಜಿನ್ನು ಕೆಟ್ಟಿತೇನೋ ಅಂದುಕೊಂಡೆ.

“ಕೈ ಮುಗ್ದುಬುಡು. ಎರಡೂ ಕೈಲಿ, ನಿಧಾನಕ್ಕೆ. ಆಮೇಲೆ ಹೊರಡೋಣ,” ಎಂದರು.

ಹಿಂದೆ ಆಟೋಗಳು, ಸ್ಕೂಟರುಗಳು ಹಾರನ್ನು ಹೊಡೆದವು. ಅವರು ಅಲ್ಲಾಡಲಿಲ್ಲ. ಅಲ್ಲಿಂದಾಚೆಗೆ ಹೋಗುವಾಗಲೂ ಬರುವಾಗಲೂ ಆ ಗುಡಿಯ ಮುಂದೆ ರಸ್ತೆಯನ್ನೆಲ್ಲ ಅಡ್ಡಗಟ್ಟಿ ಆ ಕಾರು ನಿಲ್ಲುತ್ತಿತ್ತು. ಅಷ್ಟು ಹಾರನ್ನುಗಳ ನಡುವೆ ಕೈ ಮುಗಿಯಲು ನನಗೆ ನಾಚಿಕೆ. ಮುಗಿಯದಿದ್ದರೆ ಕಾರು ಹೊರಡುವುದಿಲ್ಲ. ದೇವರನ್ನು ನಂಬದವರು ನನಗಾಗಿ ಅಷ್ಟು ಬೈಗುಳ ತಿಂದರು.

ವರ್ಷ ತುಂಬುವ ಹೊತ್ತಿಗೆ ನಮ್ಮವರು ಕೋಲು ಬಿಟ್ಟು ನಡೆದರು. ಮತ್ತೆ ಹೆಬ್ಬಾಳದ ಬಸ್ಸು ಹತ್ತಿದರು. ಉದ್ದನೆಯ ಕಾರಿಗೆ ಟಾರ್ಪಾಲು ಏರಿತು. ಚಾಮುಂಡಿ ತಾಯಿಗೆ ನನ್ನ ಹರಕೆ ಇತ್ತು. ಭಾನುವಾರ ನಿಮ್ಮ ಜೊತೆ ನಾನೂ ಬರಲೇ ಎಂದು ಅಮ್ಮನನ್ನು ಕೇಳಿದೆ. ಅವರು ಬಾ ಎಂದರು.

ಬೆಟ್ಟದ ರಸ್ತೆಯಲ್ಲಿ ಮೊದಲನೇ ತಿರುವು ಬಂದಾಗ ಅವರ ಬಲಗೈ ಗೇರು ಹುಡುಕುತ್ತಾ ಹೋಗಿ ಬಾಗಿಲಿಗೆ ಬಡಿಯಿತು. ಅಲ್ಲಿ ಗೇರಿರಲಿಲ್ಲ. ಉದ್ದನೆಯ ಕಾರಿನಲ್ಲಿ ಗೇರು ಸ್ಟಿಯರಿಂಗಿನ ಬಲಗಡೆ, ಈ ಹಸಿರು ಕಾರಿನಲ್ಲಿ ಅದು ಎಡಗಡೆ, ನೆಲದಲ್ಲಿ. ಎರಡನೇ ತಿರುವಿನಲ್ಲೂ ಹಾಗೇ ಆಯಿತು, ಕಾರು ರಸ್ತೆಯ ಅಂಚಿಗೆ ಸರಿದು ನಿಂತಿತು. ಕೆಳಗೆ ಊರು ಕಾಣುತ್ತಿತ್ತು. ಅವರು ತಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು.

ಭಾನುವಾರ ತಪ್ಪದೆ ಬರುತ್ತಿದ್ದಿರಿ, ಹೀಗೇಕಾಯಿತು ಎಂದು ಕೇಳಿದೆ. ಆಗ ಹೇಳಿದರು. ಆ ವರ್ಷವಿಡೀ ಅವರು ಹಸಿರು ಕಾರು ಮುಟ್ಟಿರಲಿಲ್ಲ. ಇವತ್ತು ಇದು, ನಾಳೆ ಅದು ಎಂದು ಓಡಿಸಿದರೆ ಈ ವಯಸ್ಸಿನಲ್ಲಿ ಕೈ ಎಡವುತ್ತದೆ, ಎಡವುವುದು ಹಿಂದೆ ಮಲಗಿರುವವನ ಕಾಲಿನ ಮೇಲೆ ಎಂದು ಒಂದನ್ನೇ ಹಿಡಿದಿದ್ದರು. ನಾನು ಎದುರುಮನೆಯಲ್ಲೇ ಇದ್ದೆ. ಭಾನುವಾರ ಆ ಕಾರಿನ ಸದ್ದು ನಿಂತುಹೋದದ್ದನ್ನು ನಾನು ಗಮನಿಸಿಯೇ ಇರಲಿಲ್ಲ.

“ಕೈಗೆ ಮರೆತೋಗಿದೆ ಕಣಮ್ಮ,” ಎಂದರು. ಕೊರಗು ಇರಲಿಲ್ಲ, ಸಾರಿಗೆ ಉಪ್ಪು ಮರೆತೆ ಅಂದ ಹಾಗೆ ಇತ್ತು. “ನಿನ್ನ ಹರಕೆ ಇದೆಯಲ್ಲ. ಬಸ್ಸು ಬರುತ್ತೆ, ಹತ್ಕೊಂಡು ಹೋಗು. ನಾನು ನಿಧಾನಕ್ಕೆ ಇಳೀತೀನಿ.”

ನಾನು ಹೋಗಲಿಲ್ಲ. ಕಾಯಿ, ಹೂವು, ಕುಂಕುಮದ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅವರ ಪಕ್ಕದಲ್ಲೇ ಕೂತು ಕೆಳಗಿಳಿದೆ. ಇಳಿಯುವ ದಾರಿಯುದ್ದಕ್ಕೂ ಅವರು ಬ್ರೇಕು ಒತ್ತುತ್ತಲೇ ಇದ್ದರು. ಆಮೇಲೆ ಅವರು ಬೆಟ್ಟ ಹತ್ತಲೇ ಇಲ್ಲ. ನಮ್ಮವರ ಕಾಲು ಬಂತಲ್ಲ ಎಂದು ದಿನಾ ದೀಪ ಹಚ್ಚುವಾಗ ಕೃತಜ್ಞತೆ ಹೇಳುತ್ತೇನೆ. ಹೇಳುವಾಗ ತಲೆ ತಗ್ಗುತ್ತದೆ.

ಹೋದ ವರ್ಷ ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಸ್ನಾನ ಮಾಡಿಸಲು ಬೀದಿಯ ನಾವು ಮೂವರು ಹೆಂಗಸರು ಸೇರಿದೆವು. ನಾನು ಎಡಗಡೆ ಕೂತಿದ್ದೆ. ನೀರು ಹೊಯ್ಯುವಾಗ ನೋಡಿದೆ. ಎಡಗೈಯೂ ಕಪ್ಪಾಗಿತ್ತು. ರವಿಕೆಯ ತೋಳು ಮುಗಿದಲ್ಲಿಂದ ಬೆರಳ ತುದಿಯವರೆಗೆ, ಬಲಗೈಯಷ್ಟೇ ಅಲ್ಲ, ಆದರೆ ದಂಟಿನ ಬಿಳುಪು ಎಲ್ಲೂ ಉಳಿದಿರಲಿಲ್ಲ. ಒಂದು ವರ್ಷ ಎಡಗಡೆಯ ಕಿಟಕಿಯಲ್ಲಿ ಬಿದ್ದ ಬಿಸಿಲು. ಪಕ್ಕದ ಮನೆಯಾಕೆ, ಜಂಬೂಸವಾರಿ ಅಂದಿದ್ದವಳೇ, ಯಾಕ್ರೀ ನಿಲ್ಲಿಸಿಬಿಟ್ರಿ, ನೀರು ಹಾಕಿ ಅಂದಳು. ನಾನು ಆ ಕೈಯನ್ನು ಇನ್ನೊಂದು ಸಲ ತೊಳೆದೆ.

ನಮ್ಮವರು ಗೇಟಿನ ಹತ್ತಿರ ಬೆಳಗಿನಿಂದ ನಿಂತೇ ಇದ್ದರು. ಯಾರೋ ಕುರ್ಚಿ ತಂದುಕೊಟ್ಟರೂ ಕೂರಲಿಲ್ಲ.

ಬೀದಿಯಲ್ಲಿ ಹೆಣ ಇದ್ದದ್ದರಿಂದ ಮೂಲೆಯ ಗುಡಿಯ ಬಾಗಿಲು ಹಾಕಿತ್ತು. ಅದು ಪದ್ಧತಿ, ತಪ್ಪೆನ್ನಲಾರೆ. ಆದರೂ ಆ ಬೀಗ ನೋಡಿದಾಗ, ನನ್ನ ಮನೆಗೆ ಬಂದವರನ್ನು ನಾನೇ ಹೊರಗೆ ನಿಲ್ಲಿಸಿದಷ್ಟು ನಾಚಿಕೆಯಾಯಿತು. ವ್ಯಾನು ನಮ್ಮ ಬೀದಿಯಿಂದ ದೊಡ್ಡ ರಸ್ತೆಗೆ ತಿರುಗಬೇಕಿತ್ತು. ಮೂಲೆಯಲ್ಲಿ ನಿಲ್ಲಿಸಿದ್ದ ಆಟೋಗಳು ಅಡ್ಡವಾಗಿ ಡ್ರೈವರಿಗೆ ರಸ್ತೆ ಕಾಣದೆ, ಯಾರಾದ್ರೂ ಸ್ವಲ್ಪ ನೋಡ್ರಿ ಎಂದು ಕೂಗಿದ. ನಾನು ಮುಂದೆ ಹೋಗಿ ಗುಡಿಯ ಎದುರು ನಿಂತೆ. ಎರಡೂ ಕಡೆ ನೋಡಿದೆ. ಒಂದು ಬಸ್ಸು ಹಾದುಹೋಗುವವರೆಗೆ ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ರಸ್ತೆ ಖಾಲಿಯಾಯಿತು. ಆಗ ಕಣ್ಣು ಬಿಟ್ಟುಕೊಂಡೇ ಬಲಗೈ ಚಾಚಿದೆ.