ಚಪ್ಪಟೆ ವೃತ್ತಕ್ಕೆ ಹೊಡೆದ ಕೆಂಪು ಗೆರೆ

೨೦೧೯ರಲ್ಲಿ ನಾನು ಬಾಗಲಕೋಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದೆ. ಆರನೆಯ ಸೆಮಿಸ್ಟರಿಗೆ ಕಂಪ್ಯೂಟರ್ ಗ್ರಾಫಿಕ್ಸ್ ಕಲಿಸುವುದು ನನ್ನ ಪಾಲಿನ ಕೆಲಸ. ಹದಿನೇಳು ವರ್ಷ ಅದನ್ನೇ ಕಲಿಸಿ ಟಿಪ್ಪಣಿಯ ಹಾಳೆಗಳು ಹಳದಿಯಾಗಿದ್ದವು, ನನ್ನ ಗರ್ವ ಮಾತ್ರ ಹೊಸದಾಗಿಯೇ ಇತ್ತು. ಹುನಗುಂದದ ಸಾಲಿ ಮಾಸ್ತರರ ಮಗ ನಾನು. ಜೇಬಿನಲ್ಲಿ ಕೆಂಪು ಪೆನ್ನಿಲ್ಲದೆ ತರಗತಿಗೆ ಹೋದ ನೆನಪಿಲ್ಲ.

ಈ ವಿಷಯದ ಬುನಾದಿ ಸರಳ. ಕಂಪ್ಯೂಟರಿನ ಪರದೆ ಎಂದರೆ ಸಣ್ಣ ಸಣ್ಣ ಚೌಕಗಳ ಜಾಲ; ಒಂದೊಂದು ಚೌಕವೂ ಒಂದು ಪಿಕ್ಸೆಲ್. ಅದರ ಬಳಿ ಕೈವಾರ ಇಲ್ಲ. ವೃತ್ತ ಬೇಕೆಂದರೆ ಯಾವ ಚೌಕ ತುಂಬಬೇಕು, ಯಾವುದನ್ನು ಬಿಡಬೇಕು ಎಂದು ನಾವೇ ಲೆಕ್ಕ ಹಾಕಿಕೊಡಬೇಕು. ಎಂಟನೆಯ ಒಂದು ಭಾಗಕ್ಕೆ ಲೆಕ್ಕ ಹಾಕಿದರೆ ಸಾಕು, ಉಳಿದ ಏಳು ಭಾಗ ಕನ್ನಡಿಯಲ್ಲಿ ಕಂಡಂತೆ ತಾವೇ ಬರುತ್ತವೆ. ನನಗೆ ಇದು ಬಹಳ ಪ್ರೀತಿಯ ಪಾಠ.

ಆ ವರ್ಷ ಗುಳೇದಗುಡ್ಡದ ಸವಿತಾ ಎಂಬ ಹುಡುಗಿ ತರಗತಿಯಲ್ಲಿದ್ದಳು. ಮಾತು ಕಡಿಮೆ. ಅವಳ ತಂದೆ ಈರಣ್ಣನವರು ರವಿಕೆಯ ಖಣ ನೇಯುವವರು. ಖಣಕ್ಕೆ ಹೊಸ ಬುಟ್ಟಾ, ಅಂದರೆ ಹೊಸ ಚಿತ್ತಾರ, ಬೇಕಾದಾಗ ಗ್ರಾಫ್ ಹಾಳೆಯ ಚೌಕಗಳನ್ನು ತುಂಬಿ ನಕ್ಷೆ ಬರೆದು, ಅದರಂತೆ ಮಗ್ಗದ ರಟ್ಟುಗಳಿಗೆ ತೂತು ಹಾಕುತ್ತಿದ್ದರು; ಯಾವ ಎಳೆ ಮೇಲೇಳಬೇಕೆಂದು ಮಗ್ಗಕ್ಕೆ ತಿಳಿಸುವುದು ಆ ತೂತುಗಳೇ. ಓಣಿಯ ಇನ್ನೂ ಮೂರು ಮನೆಗಳಿಗೆ ನಕ್ಷೆ ಅವರದೇ. ಆದರೆ ಕಣ್ಣು ಮಂದವಾಗಿ ಚೌಕ ಎಣಿಸುವುದು ಕಷ್ಟವಾಗಿತ್ತು. ಅಪ್ಪನ ಬದಲು ನಕ್ಷೆ ಬರೆಯುವ ಪ್ರೋಗ್ರಾಂ ಮಾಡಿ ಆ ಕೆಲಸ ಮನೆಯಲ್ಲಿ ನಿಂತುಹೋಗದಂತೆ ನೋಡಿಕೊಳ್ಳಬೇಕು ಎಂಬುದು ಅವಳ ಆಸೆ. ಅದನ್ನೇ ಮಿನಿ ಪ್ರಾಜೆಕ್ಟ್ ಆಗಿ ಆರಿಸಿಕೊಂಡಿದ್ದಳು.

ಪರಿಶೀಲನೆಯ ದಿನ ಅವಳು ಪರದೆಯ ಮೇಲೆ ಒಂದು ವೃತ್ತ ಬರೆಸಿ ತೋರಿಸಿದಳು. ಅಡ್ಡಕ್ಕೆ ಅರವತ್ತು ಚೌಕ, ಉದ್ದಕ್ಕೆ ನಲವತ್ತು. ಒತ್ತಿದ ರೊಟ್ಟಿಯಂತೆ ಚಪ್ಪಟೆಯಾಗಿತ್ತು.

"ಏನವಾ, ನಿನ್ನ ವೃತ್ತದ ಮ್ಯಾಲ ಯಾರರ ಕುಂತಿದ್ರೇನು?" ಎಂದೆ. ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ನಗಿಸಿದ ಖುಷಿ ನನಗೂ ಆಯಿತು.

"ನಮ್ಮ ಮನ್ಯಾಗ ಹಿಂಗ ಬರಿತಾರ್ರಿ ಸರ. ಮಗ್ಗದ ಮ್ಯಾಲ ಗುಂಡಗ ಬರ್ತೈತ್ರಿ," ಎಂದಳು.

"ಇದು ನಿಮ್ಮ ಮನಿ ಅಲ್ಲ, ಲ್ಯಾಬ್. ವೃತ್ತ ಅಂದ್ರ ಎಲ್ಲಾ ಕಡೆ ಒಂದ ತ್ರಿಜ್ಯ. ತಿದ್ದಿಕೊಂಡು ಬಾ."

ಅವಳು ತಂದಿದ್ದ ನಕ್ಷೆಯ ಪ್ರಿಂಟಿನ ಮೇಲೆ ಕೆಂಪು ಗೆರೆ ಹೊಡೆದೆ. ಮುಂದಿನ ವಾರ ಅರವತ್ತಕ್ಕೆ ಅರವತ್ತರ ಚೊಕ್ಕ ವೃತ್ತ ತಂದಳು. ಆ ನಕ್ಷೆಯ ಕೆಳಗೆ ಸಹಿ ಮಾಡಿ ಇಪ್ಪತ್ತಕ್ಕೆ ಹತ್ತೊಂಬತ್ತು ಅಂಕ ಕೊಟ್ಟೆ. ಒಂದು ಅಂಕ ಕಡಿಮೆ ಮಾಡಿದ್ದು ಎದುರು ಮಾತಾಡಿದ್ದಕ್ಕೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

ಸೆಮಿಸ್ಟರ್ ಮುಗಿದ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಮಹಾಕೂಟಕ್ಕೆ ಹೊರಟಿದ್ದೆವು. ದಾರಿಯಲ್ಲಿ ಖಣ ಕೊಳ್ಳೋಣವೆಂದು ಗುಳೇದಗುಡ್ಡದಲ್ಲಿಳಿದು ಸವಿತಾಳ ಮನೆ ಕೇಳಿಕೊಂಡು ಹೋದೆವು. ಈರಣ್ಣನವರು ಚಾಪೆ ಹಾಸಿ ಕೂರಿಸಿದರು, ಸವಿತಾ ಚಹಾ ತಂದಳು. ಮೂಲೆಯಲ್ಲಿ ಮಡಚಿಟ್ಟಿದ್ದ ನಾಲ್ಕು ಖಣಗಳಲ್ಲಿ ಒಂದನ್ನು ನನ್ನ ಹೆಂಡತಿ ಬಿಡಿಸಿ ನೋಡಿದಳು.

"ಬಣ್ಣ ಭಾಳ ಚಂದ ಐತ್ರಿ. ಆದ್ರ ಇವೇನು, ತತ್ತಿ ನಿಲ್ಲಿಸಿದಂಗ ಅದಾವು?"

ನನಗೆ ತಕ್ಷಣ ಹೊಳೆಯಲಿಲ್ಲ. ಈರಣ್ಣನವರೇ ಸಮಾಧಾನವಾಗಿ ವಿವರಿಸಿದರು. ನಕ್ಷೆಯ ಒಂದು ಚೌಕಕ್ಕೆ ಒಂದು ಎಳೆ; ಅವರ ಮಗ್ಗದಲ್ಲಿ ಒಂದು ಇಂಚು ಅಗಲಕ್ಕೆ ಹಾಸಿನ ಎಳೆ ಅರವತ್ತು, ಒಂದು ಇಂಚು ಉದ್ದಕ್ಕೆ ಅಡ್ಡ ಹಾಯುವ ಹೊಕ್ಕಿನ ಎಳೆ ನಲವತ್ತು. ಅಂದರೆ ಬಟ್ಟೆಯ ಮೇಲೆ ನಕ್ಷೆಯ ಚೌಕ ಚೌಕವಾಗಿ ಉಳಿಯುವುದಿಲ್ಲ, ಉದ್ದಕ್ಕೆ ಹಿಗ್ಗುತ್ತದೆ. ಹಾಳೆಯಲ್ಲಿ ಚಪ್ಪಟೆಯಾಗಿ ಬರೆದರೆ ಮಾತ್ರ ಬಟ್ಟೆಯಲ್ಲಿ ಗುಂಡಾಗುತ್ತದೆ. ನಾನು ತಿದ್ದಿಸಿದ ಗುಂಡು ವೃತ್ತ ಒಂದು ಇಂಚು ಅಗಲ, ಒಂದೂವರೆ ಇಂಚು ಎತ್ತರದ ಮೊಟ್ಟೆಯಾಗಿತ್ತು. ಮಗಳು ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾಗ, ಅವಳು ಮನೆಗೆ ತಂದಿಟ್ಟಿದ್ದ ಆ ನಕ್ಷೆ ನೋಡಿ ಅವರು ರಟ್ಟು ಕೊರೆದಿದ್ದರು. ಇಳಕಲ್ಲಿನ ವ್ಯಾಪಾರಿಯೊಬ್ಬರು ಕಂಪ್ಯೂಟರ್ ನಕ್ಷೆಯ ಮಾದರಿ ಕೇಳಿದ್ದರಂತೆ. ಈ ಖಣ ನೋಡಿ, ಇದರ ಸಹವಾಸವೇ ಬೇಡ ಎಂದು ಎದ್ದು ಹೋಗಿದ್ದರು. ಅದು ತಿಳಿದ ಮೇಲೆ ಓಣಿಯ ಮೂರು ಮನೆಯವರೂ ಅವರ ನಕ್ಷೆ ಬಿಟ್ಟು ಈಗ ಹೊರಗಿನಿಂದ ಸಿದ್ಧ ರಟ್ಟು ತರಿಸುತ್ತಿದ್ದರು.

"ನಿಮ್ದೇನು ತಪ್ಪಿಲ್ಲ ಬಿಡ್ರಿ ಸರ," ಎಂದರು ಈರಣ್ಣನವರು. "ಹಾಳ್ಯಾಗ ಗುಂಡಗ ಇತ್ತು, ನೋಡಿದ ಕೂಡ್ಲೆ ನನಗ ತಿಳಿಬೇಕಿತ್ತು. ಕೆಳಗ ನಿಮ್ಮ ಸಹಿ ಇತ್ತು. ಕಂಪ್ಯೂಟರ್ ಎಲ್ಲಾ ಲೆಕ್ಕಾ ಹಿಡದಿರ್ತೈತಿ ಅಂದ್ಕೊಂಡೆ."

ನಾನು ಸವಿತಾಳ ಕಡೆ ತಿರುಗಿದೆ. "ನಿನಗ ಗೊತ್ತಿತ್ತಲ್ಲವಾ, ನನಗ ಯಾಕ ಬಿಡಿಸಿ ಹೇಳಲಿಲ್ಲ?"

"ಹೇಳಿದ್ದೆನಲ್ರೀ ಸರ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಹಾಕೂಟಕ್ಕೆ ಹೋಗದೆ ಮನೆಗೆ ಮರಳಿದೆವು. ಟಿಪ್ಪಣಿ ತೆಗೆದು ಹುಡುಕಿದೆ. ಹನ್ನೊಂದನೆಯ ಪುಟದಲ್ಲಿತ್ತು: ಪಿಕ್ಸೆಲ್ ಆಸ್ಪೆಕ್ಟ್ ರೇಷಿಯೊ, ಅಂದರೆ ಪಿಕ್ಸೆಲ್ಲಿನ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ. ಪಿಕ್ಸೆಲ್ ಚೌಕವಾಗಿಯೇ ಇರಬೇಕೆಂದಿಲ್ಲ, ಇಲ್ಲದಿದ್ದಾಗ ವೃತ್ತವನ್ನು ಅದಕ್ಕೆ ತಕ್ಕಂತೆ ತಿದ್ದಿ ಬರೆಯಬೇಕು ಎಂದು ನನ್ನದೇ ಅಕ್ಷರದಲ್ಲಿತ್ತು. ಪಕ್ಕದಲ್ಲಿ ನನ್ನದೇ ಕೆಂಪು ಪೆನ್ನು ಬರೆದಿತ್ತು: "ಪರೀಕ್ಷೆಗೆ ಬರುವುದಿಲ್ಲ, ಬಿಡಬಹುದು."

ನಿವೃತ್ತಿಯಾಗುವವರೆಗೆ ಆ ಪುಟವನ್ನು ಬಿಡದೆ ಕಲಿಸಿದೆ. ವಿದ್ಯಾರ್ಥಿಯ ಉತ್ತರ ವಿಚಿತ್ರವಾಗಿ ಕಂಡರೆ, ಗೆರೆ ಹೊಡೆಯುವ ಮೊದಲು "ಯಾಕೆ ಹೀಗೆ?" ಎಂದು ಕೇಳಿ ಉತ್ತರ ಮುಗಿಯುವವರೆಗೆ ಸುಮ್ಮನಿರಬೇಕು. ನನ್ನ ವೃತ್ತಿ ಕಲಿಸಿದ್ದು ಇಷ್ಟೇ, ಅದನ್ನು ಕಲಿಯಲು ಹದಿನೇಳು ವರ್ಷ ಬೇಕಾಯಿತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಆ ನಕ್ಷೆಯ ಪ್ರೋಗ್ರಾಮನ್ನೇ ಮುಂದುವರಿಸು ಎಂದು ಸವಿತಾಳನ್ನು ಎರಡು ಸಲ ಕೇಳಿಕೊಂಡೆ. "ಬ್ಯಾಡ್ರಿ ಸರ," ಎಂದು ಹಾಜರಾತಿ ದಾಖಲಿಸುವ ತಂತ್ರಾಂಶ ಮಾಡಿದಳು. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ, ಪೂರ್ತಿ ಅಂಕ ಕೊಟ್ಟೆ. ಅದರಲ್ಲಿ ಒಂದು ವೃತ್ತವೂ ಇರಲಿಲ್ಲ.