ತಿಳಿ, ತೆಳಿ

ಅಮ್ಮನ ಕೊಲೊನೊಸ್ಕೋಪಿಗೆ ನಾಲ್ಕು ದಿನ ಇರುವಾಗ ನಾನು ಒಂದು ಹಾಳೆ ಬರೆದೆ. ಆಸ್ಪತ್ರೆಯವರು ಕೊಟ್ಟ ಸೂಚನೆಗಳು ಇಂಗ್ಲಿಷಿನಲ್ಲಿದ್ದವು. ಅಮ್ಮ ಏಳನೇ ತರಗತಿಯವರೆಗೆ ಕಲಿತದ್ದು ಕನ್ನಡದಲ್ಲಿ, ಮಾತಾಡುವುದು ತುಳುವಿನಲ್ಲಿ. ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಒಂದು ಪ್ರಯೋಗವನ್ನು ಯಾರಾದರೂ ಓದಿ ತಪ್ಪಿಲ್ಲದೆ ಮಾಡುವಂತೆ ಬರೆಯುವುದು ನನಗೆ ದಿನನಿತ್ಯದ ಕೆಲಸ. ಆರು ಸಾಲುಗಳಲ್ಲಿ ಎಲ್ಲವನ್ನೂ ಬರೆದು, ಸಿದ್ಧಕಟ್ಟೆಯ ನಮ್ಮ ಮನೆಯ ಅಡುಗೆಕೋಣೆಯ ಬಾಗಿಲಿಗೆ ಅಂಟಿಸಿದೆ.

ಮೂರನೆಯ ಸಾಲು ಮೊದಲು ಹೀಗಿತ್ತು: ‘ಹಿಂದಿನ ದಿನ ಬೆಳಗ್ಗೆಯಿಂದ ತಿಳಿ ದ್ರವ ಮಾತ್ರ. ಎಳನೀರೂ ಆಗುತ್ತದೆ.’ ಆಮೇಲೆ ‘ದ್ರವ’ ಎಂಬ ಪದ ಪಾಠಪುಸ್ತಕದ್ದಾಯಿತು ಅನಿಸಿತು. ಅಮ್ಮನಿಗೆ ಸುಲಭವಾಗಲಿ ಎಂದು ಅದನ್ನು ಹೊಡೆದುಹಾಕಿದೆ. ‘ತಿಳಿ ಮಾತ್ರ’ ಎಂದು ಉಳಿಯಿತು.

ಪರೀಕ್ಷೆ ಯಾಕೆ ಬೇಕಾಯಿತೆಂದು ಹೇಳಬೇಕು. ಅಮ್ಮ ಮೂವತ್ತು ವರ್ಷದಿಂದ ಬೀಡಿ ಕಟ್ಟುತ್ತಾರೆ. ಆ ವರ್ಷ ಮೊರವನ್ನು ಮಡಿಲಲ್ಲಿಟ್ಟುಕೊಂಡು ಕೂತಲ್ಲೇ ತೂಕಡಿಸುವುದು ಶುರುವಾಯಿತು. ರಕ್ತ ಕಡಿಮೆ ಇದೆ ಎಂದು ಗೊತ್ತಾಯಿತು. ಬಂಟ್ವಾಳದ ಡಾಕ್ಟರು ಮಲ ಪರೀಕ್ಷೆ ಮಾಡಿಸಿದಾಗ ಕಣ್ಣಿಗೆ ಕಾಣದಷ್ಟು ರಕ್ತ ಹೋಗುತ್ತಿರುವುದು ತಿಳಿಯಿತು. ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತಾ ಎಂದು ಅವರು ಕೇಳಿದರು. ನಾನು ಹೇಳಿದೆ: ಅಮ್ಮನ ಅಣ್ಣ, ನನ್ನ ದೊಡ್ಡ ಮಾವ, ಕರುಳಿನ ಕ್ಯಾನ್ಸರಿನಲ್ಲಿ ತೀರಿಕೊಂಡರು, ಗೊತ್ತಾಗುವಾಗ ಮಾಡಲಿಕ್ಕೆ ಏನೂ ಉಳಿದಿರಲಿಲ್ಲ. ಡಾಕ್ಟರು ಅಷ್ಟಕ್ಕೇ ಚೀಟಿ ಬರೆದು ಮಂಗಳೂರಿಗೆ ಕಳಿಸಿದರು.

ಹೆದರಿಕೆಯಾದಾಗ ನಾನು ಓದುತ್ತೇನೆ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ, ನಮ್ಮ ಪ್ರಯೋಗಾಲಯದ ಮೇಜಿನಷ್ಟು. ಅದನ್ನು ತೊಳೆಯಲು ಕೊಡುವ ಪುಡಿಯಲ್ಲಿರುವುದು ನನಗೆ ಪರಿಚಯದ ವಸ್ತುವೇ: ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವ ಉದ್ದುದ್ದದ ಅಣುಗಳು. ಆ ನೀರನ್ನು ದೇಹ ಹೀರಿಕೊಳ್ಳಲಾರದು, ಹಾಗಾಗಿ ಅದು ಬಂದ ದಾರಿಯನ್ನೆಲ್ಲ ತೊಳೆದು ಹೊರಗೆ ಹೋಗುತ್ತದೆ. ಇದು ಎಷ್ಟು ಸರಳವಾದ ಉಪಾಯವೆಂದು ನನಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಅಮ್ಮನಿಗೆ ಅಣುಗಳ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ: ಮಂಗಳೂರಿಗೆ ಹೋಗುವ ದಾರಿಯಲ್ಲಿ ಹೊಟ್ಟೆ ತಡೆಯದಿದ್ದರೆ ಎಲ್ಲಿ ಇಳಿಯುವುದು? ಅದಕ್ಕೂ ನಾನು ಪಟ್ಟಿ ಮಾಡಿದೆ. ಬಂಟ್ವಾಳದಲ್ಲಿ ನನ್ನ ಗೆಳತಿಯ ಮನೆ, ಬಿ.ಸಿ.ರೋಡಿನಲ್ಲಿ ಪೆಟ್ರೋಲ್ ಬಂಕ್, ಅಲ್ಲಿಂದ ಮುಂದೆ ಎರಡು ಹೋಟೆಲು.

ಯಾರಿಗೂ ಹೇಳಬಾರದು ಎಂಬುದು ಅಮ್ಮನ ಷರತ್ತು. ಕಟ್ಟಿದ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತರುವ ಬೀಡಿ ಬ್ರಾಂಚಿನಲ್ಲಿ ಕಣ್ಣು ತೋರಿಸಲಿಕ್ಕುಂಟು ಎಂದರು. ಕರೆದುಕೊಂಡು ಹೋಗಲು ಒಪ್ಪಿದ ಸಣ್ಣ ಮಾವನಿಗೆ, ಅಂದರೆ ತಮ್ಮನಿಗೆ, ಗ್ಯಾಸ್ ಎಂದರು. ಸಣ್ಣ ಮಾವ ಬೆಳುವಾಯಿಯಲ್ಲಿದ್ದಾರೆ, ಓಮ್ನಿಯಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ದೊಡ್ಡ ಮಾವನ ಕೊನೆಯ ತಿಂಗಳಲ್ಲಿ ಅವರು ಆಸ್ಪತ್ರೆಯ ಗೇಟಿನವರೆಗೆ ಬಂದು ವಾಪಸು ಹೋಗುತ್ತಿದ್ದವರು. ಅವರಿಗೆ ನಿಜ ಹೇಳುವುದು ಬೇಡವೆಂದು ನನಗೂ ಅನಿಸಿತು.

ಹಿಂದಿನ ದಿನ ನನಗೆ ಪರೀಕ್ಷಾ ಕೊಠಡಿಯ ಕೆಲಸವಿತ್ತು. ನಡುವೆ ಮೂರು ಸಲ ಫೋನ್ ಮಾಡಿ, ಬರೆದದ್ದನ್ನೇ ಕುಡಿಯುತ್ತಿದ್ದೀಯಾ ಎಂದು ಕೇಳಿದೆ. ಮೂರು ಸಲವೂ ಹೌದೆಂದರು. ಸಂಜೆ ಮನೆಗೆ ಬಂದಾಗ ಒಲೆಯ ಮೇಲೆ ಗಂಜಿಯ ಪಾತ್ರೆಯಿತ್ತು. ನಮ್ಮಲ್ಲಿ ಆ ಪಾತ್ರೆ ದಿನವೂ ಅಲ್ಲೇ ಇರುತ್ತದೆ. ಅದನ್ನು ನೋಡಿದೆ, ಮುಚ್ಚಳ ಸರಿಮಾಡಿದೆ.

ಪುಡಿ ಕರಗಿಸಿದ ನೀರು ಸಂಜೆ ಒಂದು ಲೀಟರ್, ಬೆಳಗ್ಗೆ ಒಂದು ಲೀಟರ್. ಉಪ್ಪು ಹಾಕಿದ ಸಾಬೂನು ನೀರಿನ ಹಾಗುಂಟು ಎಂದು ಹೇಳಿ ಅಮ್ಮ ಪ್ರತಿ ಲೋಟಕ್ಕೂ ಮೂಗು ಹಿಡಿದು ಕುಡಿದರು. ಒಂದು ಲೋಟವನ್ನೂ ಬಿಡಲಿಲ್ಲ. ದಾರಿಯಲ್ಲಿ ನನ್ನ ಪಟ್ಟಿಯ ಒಂದು ಸ್ಥಳವೂ ಬೇಕಾಗಲಿಲ್ಲ. ಗ್ಯಾಸಿಗೆ ಇಷ್ಟು ದೂರ ಯಾಕೆ, ಜೀರಿಗೆ ಕಷಾಯ ಸಾಕಲ್ಲವಾ ಎಂದು ಸಣ್ಣ ಮಾವ ಕೇಳುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಬಂದು ಅಮ್ಮನ ಹತ್ತಿರ, ಹೊಟ್ಟೆ ಹೇಗೆ ಹೋಗುತ್ತಿದೆ ಎಂದು ಕೇಳಿದರು. ಅವರ ಮಾತು ಕೇಳಿದರೆ ಉತ್ತರ ಕರ್ನಾಟಕದ ಕಡೆಯವರು ಎಂದು ಗೊತ್ತಾಗುತ್ತಿತ್ತು. ಅಮ್ಮ ತಲೆ ತಗ್ಗಿಸಿ, ತುಸು ಯೋಚಿಸಿ, ತನ್ನ ಶಾಲೆಯ ಕನ್ನಡದಲ್ಲಿ ಹೇಳಿದರು.

“ತೆಳಿಯ ಹಾಗೆ ಹೋಗ್ತದೆ.”

“ತಿಳಿ ಆಗೇತಲ್ಲಾ? ಚಲೋ ಆತ್ ಬಿಡ್ರಿ,” ಎಂದು ನರ್ಸ್ ಬರೆದುಕೊಂಡರು.

ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕಿವಿಗೂ ನರ್ಸಿಗೆ ಕೇಳಿದ್ದೇ ಕೇಳಿತು.

ಅಮ್ಮನನ್ನು ಒಳಗೆ ಕರೆದೊಯ್ದ ಹತ್ತೇ ನಿಮಿಷದಲ್ಲಿ ನನ್ನನ್ನೂ ಕರೆದರು. ಡಾಕ್ಟರು ನನಗಿಂತ ಹೆಚ್ಚು ದೊಡ್ಡವರಲ್ಲ. ಅರ್ಧಕ್ಕೆ ನಿಲ್ಲಿಸಿದ್ದೇನೆ, ಒಳಗೆಲ್ಲ ಹಿಟ್ಟಿನಂಥದ್ದು ಅಂಟಿಕೊಂಡಿದೆ, ಸಣ್ಣದೇನಾದರೂ ಇದ್ದರೆ ಕಾಣುವುದಿಲ್ಲ ಎಂದರು. ಏನು ತಿಂದಿದ್ದರೆಂದು ಕೇಳಿದರು. ಮಂಪರಿನ ಇಂಜೆಕ್ಷನ್ ಇನ್ನೂ ಪೂರ್ತಿ ಇಳಿಯದ ಅಮ್ಮ ಮಲಗಿದ್ದಲ್ಲಿಂದಲೇ, ತಿಂದದ್ದು ಎಂಥದೂ ಇಲ್ಲ, ಇಡೀ ದಿನ ತೆಳಿ ಮಾತ್ರ ಎಂದರು.

ತುಳುವಿನಲ್ಲಿ ತೆಳಿ ಎಂದರೆ ಗಂಜಿಯ ನೀರು. ಕುಚ್ಚಲಕ್ಕಿ ಬೆಂದ, ಬೆಳ್ಳಗೆ ಮಂದವಾಗಿ, ತಳದಲ್ಲಿ ನಾಲ್ಕು ಅಗುಳು ಇರುವ ನೀರು. ಜ್ವರ ಬಂದವರಿಗೆ, ಬಾಣಂತಿಗೆ, ಹೊಟ್ಟೆ ಕೆಟ್ಟವರಿಗೆ ನಾವು ಕೊಡುವುದು ಅದನ್ನೇ. ಅಮ್ಮ ನನ್ನ ಹಾಳೆಯಲ್ಲಿ ‘ತಿಳಿ’ ಎಂದು ಓದಿ, ಮಗಳು ಕನ್ನಡದಲ್ಲಿ ಬರೆದಿದ್ದಾಳೆ, ಕನ್ನಡದಲ್ಲಿ ತೆಳಿಗೆ ಹಾಗೆ ಹೇಳುತ್ತಾರೆ ಎಂದುಕೊಂಡಿದ್ದರು. ಸುಣ್ಣದ ತಿಳಿನೀರು ಎಂದು ಎಂಟನೇ ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ನನಗೆ ಆ ಪದಕ್ಕೆ ಇನ್ನೊಂದು ಅರ್ಥ ಇರಬಹುದೆಂದು ಹೊಳೆಯಲೇ ಇಲ್ಲ. ಎರಡೂ ಪದಗಳ ನಡುವೆ ಒಂದು ಸ್ವರದ ವ್ಯತ್ಯಾಸ ಮಾತ್ರ. ಒಂದರ ಅರ್ಥ ಇನ್ನೊಂದಕ್ಕೆ ಪೂರ್ತಿ ವಿರುದ್ಧ.

ಮೂರು ವಾರ ಬಿಟ್ಟು ಮತ್ತೆ ಬನ್ನಿ ಎಂದರು.

ನಾನು ತಪ್ಪು ಒಪ್ಪಿಕೊಂಡೆ. ಅಮ್ಮ ಬೈಯಲಿಲ್ಲ. ಇನ್ನು ಬರುವುದಿಲ್ಲ ಎಂದಷ್ಟೇ ಹೇಳಿದರು. ಆ ನೀರು ಇನ್ನೊಮ್ಮೆ ತನ್ನಿಂದಾಗದು, ಹಿಂದೆ ತೆರೆದ ಆ ಅಂಗಿ ಹಾಕಿ ಹುಡುಗನಂಥ ಡಾಕ್ಟರನ ಎದುರು ಮಲಗುವುದು ಇನ್ನೊಮ್ಮೆ ಆಗದು. ಇರುವುದಿದ್ದರೆ ಇರಲಿ, ಅದು ಅಲ್ಲೇ ಇರಲಿ. ನಾನು ವಾದ ಮಾಡಲಿಲ್ಲ. ನನಗೆ ವಾದ ಮಾಡಲು ಬರುವುದಿಲ್ಲ, ಮೇಲಾಗಿ ಹಕ್ಕೂ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ದೊಡ್ಡ ಮಾವನ ಮುಖ ನೆನಪಾಗುತ್ತಿತ್ತು. ಅಮ್ಮನಿಗೂ ನೆನಪಾಗುತ್ತಿದೆಯೆಂದು ಅವರು ಅನ್ನ ಕಲಸುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಹತ್ತು ದಿನ ಹೀಗೇ ಹೋಯಿತು.

ಒಂದು ಭಾನುವಾರ ಅಮ್ಮ ಜಗಲಿಯಲ್ಲಿ ಎಲೆ ಕತ್ತರಿಸುತ್ತಿದ್ದರು. ಪ್ರತಿ ಎಲೆಯನ್ನೂ ಬೆಳಕಿಗೆ ಹಿಡಿದು, ಎಲ್ಲಾದರೂ ಚುಕ್ಕೆ ಕಂಡರೆ ಅಷ್ಟನ್ನು ಕತ್ತರಿಯಿಂದ ತೆಗೆದು ಉಳಿದದ್ದನ್ನು ಇಟ್ಟುಕೊಳ್ಳುತ್ತಿದ್ದರು. ನಾನು ಮೊಬೈಲಿನಲ್ಲಿ ಓದುತ್ತಿದ್ದೆ. ತಲೆ ಎತ್ತದೆ ಅಮ್ಮ ಕೇಳಿದರು.

“ಅಲ್ಲ ಮಗಾ, ಒಳಗೆ ಏನಾದ್ರೂ ಕಂಡ್ರೆ ಅವ್ರು ಎಂಥ ಮಾಡ್ತಾರೆ? ಮತ್ತೆ ಆಪರೇಶನ್‌ಗೆ ಕರೀತಾರಾ?”

“ಸಣ್ಣದಾದ್ರೆ ಆಗಲೇ ತೆಗೀತಾರೆ.”

“ಎಂಥದ್ರಲ್ಲಿ? ಕತ್ತರಿ ಹೋಗ್ತದಾ ಅಲ್ಲಿಗೆ?”

ನಾನು ಓದಿದ್ದನ್ನು ಹೇಳಿದೆ. ಆ ಕೊಳವೆಯೊಳಗಿಂದ ಒಂದು ಸಪೂರ ತಂತಿ ಹೋಗುತ್ತದೆ, ಅದರ ತುದಿಯಲ್ಲಿ ಕುಣಿಕೆ. ಕರುಳಿನ ಗೋಡೆಯಲ್ಲಿ ಅಣಬೆಯ ಹಾಗೆ ಎದ್ದಿರುವ ಗುಳ್ಳೆಗೆ ಕುಣಿಕೆ ಹಾಕಿ, ಬುಡಕ್ಕೆ ಬಿಗಿದು ಎಳೆದರೆ ಅದು ಬಿಡಿಸಿಕೊಳ್ಳುತ್ತದೆ. ಅಲ್ಲಿ ನೋವು ಗೊತ್ತಾಗುವುದಿಲ್ಲ. ಅಮ್ಮ ಕತ್ತರಿ ಕೆಳಗಿಟ್ಟರು. ಮೊರದಿಂದ ಒಂದು ಬೀಡಿ ತೆಗೆದು, ಬೆರಳಿನಲ್ಲಿದ್ದ ನೂಲಿನಿಂದ ಕುಣಿಕೆ ಮಾಡಿ, ತುದಿಗೆ ಸೇರಿಸಿ, ನಿಧಾನವಾಗಿ ಬಿಗಿದರು. ದಿನಕ್ಕೆ ಸಾವಿರ ಸಲ ಮಾಡುವ ಕೆಲಸವನ್ನು ಈಗ ಮೊದಲ ಸಲ ಮಾಡುವವರ ಹಾಗೆ ನೋಡಿಕೊಂಡು ಮಾಡಿದರು.

“ಹೀಗಾ?”

“ಹೀಗೆಯೇ.”

“ಹೆಚ್ಚು ಎಳೆದ್ರೆ ಎಲೆ ಹರೀತದೆ. ಆ ಹುಡುಗನಿಗೆ ಕೈ ಹಿಡಿತ ಉಂಟಾ?”

ಮೊಬೈಲಿನಲ್ಲಿ ಹುಡುಕಿದೆ. ಬಿಗಿತ ಹೆಚ್ಚಾಗದಿರಲು ತಂತಿಯ ಇನ್ನೊಂದು ತುದಿಯನ್ನು ನರ್ಸ್ ಹಿಡಿದು, ಡಾಕ್ಟರು ಹೇಳಿದಷ್ಟೇ ಎಳೆಯುತ್ತಾರೆ ಎಂದು ಒಂದು ಕಡೆ ಬರೆದಿತ್ತು. ಅದನ್ನು ಓದಿ ಹೇಳಿದೆ. ಇಬ್ಬರು ಸೇರಿ ಮಾಡುವ ಕೆಲಸ ಎಂದ ಮೇಲೆ ಅಮ್ಮನಿಗೆ ಸ್ವಲ್ಪ ನಂಬಿಕೆ ಬಂದ ಹಾಗೆ ಕಂಡಿತು. ಮತ್ತೂ ಹತ್ತಾರು ಪ್ರಶ್ನೆ ಕೇಳಿದರು: ಬೆಳಕು ಎಲ್ಲಿಂದ, ತಿರುವಿನಲ್ಲಿ ಕೊಳವೆ ಹೇಗೆ ಬಗ್ಗುತ್ತದೆ, ತೆಗೆದದ್ದನ್ನು ಹೊರಗೆ ತರುವುದು ಹೇಗೆ. ಕೆಲವಕ್ಕೆ ಉತ್ತರ ಹುಡುಕಿದೆ, ಕೆಲವು ನನಗೂ ಹೊಳೆದಿರಲಿಲ್ಲ. ಕೊನೆಗೆ ಎಲೆ ಕಟ್ಟನ್ನು ಒದ್ದೆ ಗೋಣಿಯಲ್ಲಿ ಸುತ್ತುತ್ತಾ, ಯಾವ ವಾರ ಹೋಗುವುದು ಎಂದರು.

ಈ ಸಲ ನಾನು ಹಾಳೆ ಬರೆಯಲಿಲ್ಲ. ರಜೆ ಹಾಕಿ ಮನೆಯಲ್ಲೇ ಉಳಿದೆ. ಗಾಜಿನ ಲೋಟದ ಹಿಂದೆ ಪೇಪರ್ ಹಿಡಿದು, ಅಕ್ಷರ ಓದಲು ಬಂದರೆ ಕುಡಿಯಬಹುದು ಎಂದು ನಿಯಮ ಮಾಡಿಕೊಂಡೆವು. ಎಳನೀರು ಪಾಸಾಯಿತು. ನಿಂಬೆ ಶರಬತ್ತು ಎರಡು ಸಲ ಬಟ್ಟೆಯಲ್ಲಿ ಸೋಸಿದ ಮೇಲೆ ಪಾಸಾಯಿತು. ಮಜ್ಜಿಗೆಯನ್ನು ಅಮ್ಮ ತಾನೇ ಫೇಲ್ ಮಾಡಿದರು. ಪುನರ್ಪುಳಿ ಶರಬತ್ತಿನ ಹಿಂದೆ ಅಕ್ಷರಗಳು ಚೆನ್ನಾಗಿಯೇ ಕಂಡವು. ಕೆಂಪು ಬಣ್ಣ ಒಳಗೆ ರಕ್ತದ ಹಾಗೆ ಕಾಣುತ್ತದೆ, ಬೇಡ ಎಂದೆ. ಓದಲು ಬಂದರೂ ಆಗದಾ, ಇದೆಂಥ ನಿಯಮ ಎಂದು ಅಮ್ಮ ಬಹಳ ಹೊತ್ತು ಗೊಣಗಿದರು. ನಾನೂ ಅವರ ಜೊತೆ ಇಡೀ ದಿನ ಪಾಸಾದದ್ದನ್ನೇ ಕುಡಿದು ನೋಡಿದೆ. ಸಂಜೆಗೆ ಹಸಿವಿಗಿಂತ ಹೆಚ್ಚು ಕಾಡಿದ್ದು ಜಗಿಯಬೇಕೆಂಬ ಆಸೆ.

ಪರೀಕ್ಷೆ ಮುಕ್ಕಾಲು ಗಂಟೆ ಹಿಡಿಯಿತು. ಹೊರಗೆ ಕೂತ ನನಗೆ ಓದಲು ತಂದ ಒಂದು ಪುಟವೂ ಓದಲಾಗಲಿಲ್ಲ. ಬಾಗಿಲಿನ ಮೇಲಿನ ಬಲ್ಬು ಎಷ್ಟು ಸಲ ಮಿನುಗಿತೆಂದು ಎಣಿಸಿದೆ. ಎರಡು ಗುಳ್ಳೆಗಳಿದ್ದವು. ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಅಮ್ಮ ಮಂಪರಿನಲ್ಲೇ ಪರದೆ ನೋಡಿದ್ದರಂತೆ. ಒಳಗೆ ಚಂದ ಉಂಟು, ನಸುಗೆಂಪು, ಒದ್ದೆ ಒದ್ದೆ ಹೊಳೀತದೆ, ನನ್ನದು ಎಂದು ಗೊತ್ತೇ ಆಗ್ಲಿಲ್ಲ ಎಂದರು.

ವರದಿ ತರಲು ಒಂದು ವಾರದ ಮೇಲೆ ಹೋದಾಗಲೂ ಸಣ್ಣ ಮಾವನ ಓಮ್ನಿಯೇ. ಕ್ಯಾನ್ಸರ್ ಇರಲಿಲ್ಲ. ದೊಡ್ಡ ಗುಳ್ಳೆಯನ್ನು ಹಾಗೇ ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು, ಮೂರು ವರ್ಷಕ್ಕೆ ಮತ್ತೆ ನೋಡಬೇಕು, ಒಡಹುಟ್ಟಿದವರೂ ಮಾಡಿಸಿಕೊಳ್ಳಬೇಕು, ಮಗಳು ನಲವತ್ತಕ್ಕೆ ಬಂದಾಗ ಅವಳೂ ಎಂದರು ಡಾಕ್ಟರು. ಅಮ್ಮ ಎರಡು ಕೈ ಮುಗಿದರು. ಹೊರಗೆ ಬಂದು, ಓಮ್ನಿಯ ಮುಂದಿನ ಸೀಟಿನಲ್ಲಿ ಕೂತರು. ಬಿ.ಸಿ.ರೋಡ್ ದಾಟಿದ ಮೇಲೆ ಸ್ವರ ತಗ್ಗಿಸದೆ ಹೇಳಿದರು.

“ನನಗೆ ಗ್ಯಾಸ್ ಅಲ್ಲ ಮಾರಾಯ. ಅಣ್ಣನಿಗೆ ಆದದ್ದು ನನಗೂ ಆಗುವುದಿತ್ತು. ಮೊದಲೇ ಕಂಡಿತು, ತೆಗೆದ್ರು. ಇನ್ನು ನೀನೂ ತೋರಿಸಬೇಕು.”

ಸಣ್ಣ ಮಾವ ಓಮ್ನಿ ನಿಧಾನ ಮಾಡಿದರು. ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆದು ದಾಟಿ ಹೋದ.

“ನನಗೆ ಎಂಥದೂ ಇಲ್ಲ ಅಕ್ಕಾ. ನಾನು ಗಟ್ಟಿ ಇದ್ದೇನೆ.”

“ಅಣ್ಣನೂ ಹಾಗೇ ಹೇಳಿದ್ದು.”

ಮನೆ ಬಂತು. ಅಮ್ಮ ಇಳಿದು ಒಳಗೆ ಹೋದರು. ನಾನು ಚೀಲ ತೆಗೆದುಕೊಳ್ಳುತ್ತಿದ್ದೆ. ಮಾವ ಸ್ಟೇರಿಂಗಿನ ಮೇಲಿನ ಕೈ ತೆಗೆಯದೆ, ನನ್ನ ಮುಖ ನೋಡದೆ, ಅಲ್ಲಿ ಒಳಗೆ ಇರುವುದು ಹೆಂಗಸರಾ ಗಂಡಸರಾ ಎಂದು ಕೇಳಿದರು. ಇಬ್ಬರೂ ಇರುತ್ತಾರೆ, ಆದರೆ ಅವರೆಲ್ಲ ನೋಡುವುದು ಪರದೆಯನ್ನು ಮಾವ, ಮನುಷ್ಯನನ್ನಲ್ಲ ಎಂದೆ. ಡಾಕ್ಟರು ಯಾವ ದಿನ ಇರುತ್ತಾರೆಂದು ಕೇಳಿದರು. ಗುರುವಾರ ಎಂದೆ.

“ಗುರುವಾರ ಶಾಲೆ ಉಂಟಲ್ಲ,” ಎಂದು ಓಮ್ನಿ ಸ್ಟಾರ್ಟ್ ಮಾಡಿದರು. “ಆಯ್ತು. ಮಕ್ಕಳಿಗೆ ಬೇರೆ ಗಾಡಿ ಹೇಳ್ತೇನೆ.”