ಕರಾಚಿಗೆ ಮಾಡಿದ ಕರೆ

ಎರಡು ದೇಶಗಳು ಜಗಳವಾಡಿಕೊಂಡು ತಂತಮ್ಮ ರಾಯಭಾರಿಗಳನ್ನು ವಾಪಸು ಕರೆಸಿಕೊಂಡ ವರ್ಷ ಅದು. ರೈಲು ನಿಂತಿತು, ಬಸ್ಸು ನಿಂತಿತು, ವಿಮಾನವೂ ನಿಂತಿತು. ನಮ್ಮ ಮಾಣಿ ಪೇಟೆಯ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಯುದ್ಧ ಗೆಲ್ಲುತ್ತಿದ್ದವರ ಬಾಯಿ ಮಾತ್ರ ನಿಲ್ಲಲಿಲ್ಲ. ಆ ಬಾಯಿಗಳನ್ನು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ.

ನನ್ನ ಉಮ್ಮನ ಅಕ್ಕ ಕರಾಚಿಯಲ್ಲಿದ್ದಳು. ಅಲ್ಲಿ ಚಹಾದಂಗಡಿ ಇಟ್ಟಿದ್ದ ನಮ್ಮೂರಿನವನನ್ನೇ ಮದುವೆಯಾಗಿ, ನಾನು ಹುಟ್ಟುವ ಮೊದಲೇ ಹೋದವಳು. ಅವಳು ಹಾಸಿಗೆ ಹಿಡಿದಿದ್ದಾಳೆ, ಇನ್ನು ಹೆಚ್ಚು ದಿನವಿಲ್ಲ ಎಂಬ ಸುದ್ದಿಯನ್ನೂ ಅವಳ ಫೋನ್ ನಂಬರನ್ನೂ ದುಬೈಯಿಂದ ರಜೆಯಲ್ಲಿ ಬಂದ ಒಬ್ಬರು ತಂದರು. ವೀಸಾದ ಮಾತೇ ಇರಲಿಲ್ಲ. ದನಿಯನ್ನಾದರೂ ಒಮ್ಮೆ ಕೇಳಬೇಕೆಂದು ಉಮ್ಮ ಊಟ ಬಿಟ್ಟಳು. ನಮ್ಮ ಮನೆಯ ಫೋನಿನಿಂದ ಹೊರದೇಶಕ್ಕೆ ಕರೆ ಹೋಗುತ್ತಿರಲಿಲ್ಲ.

ಬಂಟ್ವಾಳದ ಫೋನ್ ಬೂತಿನವನು ಕರಾಚಿಯ ಹೆಸರು ಕೇಳಿಯೇ ಕೈಮುಗಿದ. ಮಾಣಿಯ ಬೂತಿನವನು ಒಪ್ಪಿದ. ನಮ್ಮವರು ಗಲ್ಫಿಗೆ ಮಾತಾಡಿ ಮಾತಾಡಿಯೇ ಅವನ ಮನೆಗೆ ತಾರಸಿ ಬಂದದ್ದು, ಆ ದಾಕ್ಷಿಣ್ಯ ಇರಬೇಕು ಎಂದುಕೊಂಡೆ. ದಾಕ್ಷಿಣ್ಯವಂತೆ ದಾಕ್ಷಿಣ್ಯ.

"ಸ್ಪೀಕರ್ ಹಾಕ್ತೇನೆ. ಮತ್ತೆ ನಿಮ್ಮ ಬ್ಯಾರಿ ಭಾಷೆ ಬೇಡ, ತುಳುವಿನಲ್ಲೇ ಮಾತಾಡಿ. ನಾಳೆ ಪೊಲೀಸರು ಕೇಳಿದ್ರೆ ನನಗೆ ಹೇಳ್ಲಿಕ್ಕೆ ಏನಾದ್ರೂ ಬೇಕಲ್ಲ ಮಾರಾಯ," ಎಂದ. ನಯವಾಗಿಯೇ ಹೇಳಿದ, ಅದೇ ಅಸಹ್ಯ. ಸೋಡಾ ಕುಡಿಯುತ್ತಿದ್ದ ನಾಲ್ಕು ಜನ ಬೆಂಚನ್ನು ಹತ್ತಿರಕ್ಕೆ ಎಳೆದು ಕೂತರು.

"ಬೇಡ, ಮನೆಗೆ ಹೋಗುವ," ಎಂದೆ.

ಉಮ್ಮ ನನ್ನ ಕೈ ಒತ್ತಿದಳು. "ಸುಮ್ಮನಿರು. ನಾವು ಇಲ್ಲೇ ಬದುಕಬೇಕಲ್ಲ."

ಉಮ್ಮನಿಗೆ ತುಳು ನೀರು ಕುಡಿದಷ್ಟು ಸಲೀಸು. ಆದರೆ ಅದು ಮೀನಿನವಳೊಡನೆ, ಬಸ್ಸಿನಲ್ಲಿ, ಬೇಲಿಯಾಚೆಯವರೊಡನೆ ಆಡುವ ಮಾತು. ಅಕ್ಕತಂಗಿಯರು ತಮ್ಮೊಳಗೆ ಬ್ಯಾರಿ ಬಿಟ್ಟು ಬೇರೆ ಆಡಿದ್ದೇ ಇಲ್ಲ.

ಕರೆ ಸಿಕ್ಕಿತು. ಬೆಂಚಿನ ಕಡೆ ನೋಡುತ್ತಾ, ಕೋರ್ಟಿನಲ್ಲಿ ಸಾಕ್ಷಿ ಹೇಳುವವಳಂತೆ ಉಮ್ಮ, "ಎಂಚ ಉಲ್ಲರ್?" ಎಂದಳು. ಹೇಗಿದ್ದೀರಿ ಎಂದು. ಮದ್ದು ಸರಿಯಾಗಿ ತೆಗೆದುಕೊಳ್ಳಿ, ಇಲ್ಲಿ ಎಲ್ಲರೂ ಸೌಖ್ಯ ಎಂದೂ ತುಳುವಿನಲ್ಲೇ ಹೇಳಿದಳು. ಹೆಸರು ಹೇಳಲಿಲ್ಲ, ಅಕ್ಕ ಎನ್ನಲಿಲ್ಲ. ಶತ್ರುದೇಶದಲ್ಲಿ ಅಕ್ಕ ಇದ್ದಾಳೆಂದು ಆ ಸೋಡಾ ಬಾಯಿಗಳ ಮುಂದೆ ಒಪ್ಪಿಕೊಳ್ಳಲು ಹೆದರಿದ್ದಳು.

ಆ ಕಡೆಯಿಂದ ಏದುಸಿರು ಕೇಳುತ್ತಿತ್ತು. ದೊಡ್ಡಮ್ಮ ಬ್ಯಾರಿಯಲ್ಲಿ, ಸೋತ ದನಿಯಲ್ಲಿ, "ನೀವು ಯಾರೋ ನೆರೆಮನೆಯವರು. ನನ್ನ ತಂಗಿಗೆ ಫೋನು ಕೊಡಿ," ಎಂದಳು.

"ಎಂತಂತೆ?" ಎಂದು ಬೆಂಚಿನಿಂದ ಒಬ್ಬ ಕೇಳಿದ.

ಉಮ್ಮ ತುಳುವಿನಲ್ಲೇ, "ಕೊಡ್ತೇನೆ," ಎಂದು ಹೇಳಿ ಫೋನು ಇಟ್ಟಳು.